ಬಿದ್ರಿ ಪಾಠ ಬರೆಯಲು ಯಾವುದು ಒಳ್ಳೇದು: ವರ್ಡ್, ಎಚ್‌ಟಿಎಂಎಲ್, ಮಾರ್ಕ್‌ಡೌನ್?

ಬೀದರ್‌ನ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳು, ನಾವು ಮೇಷ್ಟ್ರುಗಳು ಸೇರಿ, ಲೋಹದ ಮೇಲೆ ಬೆಳ್ಳಿ ಕೂಡಿಸುವ ಬಿದ್ರಿ ಕಲೆಯ ಮೇಲೆ ಡಿಜಿಟಲ್ ಪಾಠ ತಯಾರಿಸಿದೆವು. ಸತು, ತಾಮ್ರ, ಬೆಳ್ಳಿ, ನವಸಾಗರ, ಕೋಟೆಯ ಮಣ್ಣು. ರಸಾಯನಶಾಸ್ತ್ರ ಕಲಿಸಲು ಊರಲ್ಲೇ ಇಷ್ಟಿದೆ ಅಲ್ವಾ? ಒಂದೇ ಪಾಠವನ್ನು ಮೂರು ರೀತಿಯಲ್ಲಿ ಬರೆಸಿ ನೋಡಿದೆ.

ವರ್ಡ್ ಎಲ್ಲರಿಗೂ ಗೊತ್ತು. ಆದರೆ ಮಕ್ಕಳ ಹೊತ್ತೆಲ್ಲ ಬಣ್ಣ, ಅಕ್ಷರದ ಗಾತ್ರಕ್ಕೇ ಹೋಯಿತು. ದಪ್ಪ ಮಾಡಿದ್ದೆಲ್ಲ ಅವರಿಗೆ ಶೀರ್ಷಿಕೆಯೇ. ಯುನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಂತೂ ಮೊಬೈಲಿನಲ್ಲಿ ಓದಲು ಬರಲೇ ಇಲ್ಲ.

ಎಚ್‌ಟಿಎಂಎಲ್ ಅಂದರೆ ವೆಬ್ ಪುಟ ಬರೆಯುವ ಸಂಕೇತ ಭಾಷೆ. ಅದಕ್ಕೆ ನೋಟ್‌ಪ್ಯಾಡ್, ಬ್ರೌಸರ್ ಇದ್ದರೆ ಸಾಕು, ನೆಟ್ ಬೇಡ. ನೀರಿನ ಸೂತ್ರದ ಪುಟ್ಟ 2, ಎರಡು ಮೂರು ಮನೆ ಸೇರಿಸಿ ಒಂದು ಮಾಡಿದ ಕೋಷ್ಟಕ, ಎಲ್ಲವೂ ಬರುತ್ತದೆ. ಪುಟದ ಭಾಷೆ ಕನ್ನಡ ಎಂದು ನಮೂದಿಸಿದರೆ, ಕಣ್ಣು ಕಾಣದ ಮಕ್ಕಳಿಗೆ ಓದಿ ಹೇಳುವ ತಂತ್ರಾಂಶಕ್ಕೆ ಯಾವ ದನಿ ಬೇಕೆಂದು ತಿಳಿಯುತ್ತದೆ. ಇದು ನನಗೆ ತುಂಬಾ ಮುಖ್ಯ. ಕಷ್ಟ ಏನೆಂದರೆ, ದಪ್ಪಕ್ಷರದ ಟ್ಯಾಗ್ (ಪದದ ಹಿಂದೆ ಮುಂದೆ ಇಡುವ ಸಂಕೇತ) ಒಂದನ್ನು ಮುಚ್ಚದಿದ್ದರೆ ಮುಂದಿನದೆಲ್ಲ ದಪ್ಪಕ್ಷರ. ಕನ್ನಡ, ಇಂಗ್ಲಿಷ್ ಕೀಲಿಮಣೆ ಬದಲಿಸುತ್ತಲೇ ಮಕ್ಕಳು ಸುಸ್ತಾದರು.

ಮಾರ್ಕ್‌ಡೌನ್ ಅಂದರೆ ಸರಳ ಗುರುತುಗಳನ್ನು ಇಟ್ಟು ಬರೆಯುವ ರೀತಿ, 2004ರಲ್ಲಿ ಬಂದದ್ದು. ಸಾಲಿನ ಮುಂದೆ ಹ್ಯಾಶ್ (#) ಗುರುತು ಇಟ್ಟರೆ ಶೀರ್ಷಿಕೆ, ಎರಡಿಟ್ಟರೆ ಒಳಶೀರ್ಷಿಕೆ. ಪಾಠದ ಕಟ್ಟು ಕಣ್ಣಿಗೇ ಕಾಣುತ್ತದೆ. ಬಿದ್ರಿ ಮಾಡುವ ಹಂತಗಳನ್ನು ಬರೆಯುವಾಗ ಒಬ್ಬ ಹುಡುಗಿ ತಡೆದಳು: "ಸರ್, ಮಣ್ಣು ಕೊನೆಗೆ ಬರ್ತದ್ರಿ, ಬೆಳ್ಳಿ ಕೂಡಿಸಿದ ಮ್ಯಾಲೆ. ನಮ್ಮ ಮಾಮಾ ಹಂಗೇ ಮಾಡ್ತಾರ." ಆ ಸಾಲನ್ನು ಕೆಳಗಿಳಿಸಿದಳು, ಪುಟದಲ್ಲಿ ಕ್ರಮಸಂಖ್ಯೆ ತಾನೇ ಸರಿಹೋಯಿತು. ವರ್ಡ್‌ನಲ್ಲಿ ಅಂದವನ್ನಷ್ಟೇ ತಿದ್ದುತ್ತಿದ್ದ ಮಕ್ಕಳು ಇಲ್ಲಿ ವಿಷಯವನ್ನೇ ತಿದ್ದಿದರು. ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶ ಅದೇ ಕಡತದಿಂದ ವೆಬ್ ಪುಟ, ಇ-ಪುಸ್ತಕ, ವರ್ಡ್ ಕಡತ ಮೂರನ್ನೂ ಮಾಡಿಕೊಡುತ್ತದೆ.

ಒಂದು ತೊಡಕು: ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು 3 ಒತ್ತಿದರೆ ಹ್ಯಾಶ್ ಬದಲು ರ-ಒತ್ತು ಬರುತ್ತದೆ. ಮೊಬೈಲಿನಲ್ಲಿ ಈ ತಾಪತ್ರಯ ಇಲ್ಲ.

ಮಕ್ಕಳ ಕೈಗೆ ನಾನು ಕೊಡುವುದು ಮಾರ್ಕ್‌ಡೌನನ್ನೇ. ಎಚ್‌ಟಿಎಂಎಲ್ ತುಂಡನ್ನು ಅದರೊಳಗೇ ಇಡಬಹುದು. ಹಾಗಾಗಿ ಮನೆ ಸೇರಿಸಿದ ದೊಡ್ಡ ಕೋಷ್ಟಕವನ್ನು ಮೇಷ್ಟ್ರು ಎಚ್‌ಟಿಎಂಎಲ್‌ನಲ್ಲಿ ಬರೆಯಲಿ, ಉಳಿದದ್ದು ಮಕ್ಕಳು. ವೆಬ್ ಪುಟಕ್ಕೆ ಅದು ಸರಿಯಾಗಿ ಬರುತ್ತದೆ. ವರ್ಡ್ ಕಡತ ಮಾಡುವಾಗ ಮಾತ್ರ ಆ ತುಂಡು ಬಿಟ್ಟುಹೋಗುತ್ತದೆ, ಅಲ್ಲಿ ಕೋಷ್ಟಕವನ್ನು ಬೇರೆ ಸೇರಿಸಬೇಕು.