ಸ್ಕೂಲ್ ಶುರುವಾದ್ಮೇಲೂ ಥೆರಪಿ ನಿಲ್ಲಿಸ್ಬೇಡಿ, ಈ ಸೆಂಟರ್ ನೋಡಿ

ಮಗಂಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಅಸೆಸ್‌ಮೆಂಟ್ ಮಾಡ್ಸಿದ್ವಿ, ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಶನಲ್ ಥೆರಪಿ, ಬರೆಯೋದು, ಹಿಡಿಯೋದು ಇಂಥ ದಿನದ ಕೆಲಸ ಕಲಿಸೋದು) ಎರಡೂ ಬೇಕು ಅಂದ್ರು, ಬೇಸಿಗೆ ರಜೆಲಿ ಆರಾಮಾಗಿ ನಡೀತು, ಜೂನ್ ಬಂದ್ಮೇಲೆ ಹೆಂಗಪ್ಪಾ ಅಂತ ತಲೆಬಿಸಿ. ಕುವೆಂಪುನಗರದ ಈ ಚಿಕ್ಕ ಸೆಂಟರ್‌ನೋರು ಸಂಜೆ ಸ್ಲಾಟ್ ಕೊಟ್ರು, ದೊಡ್ಡ ಉಪಕಾರ ಆಯ್ತು. ಸ್ಕೂಲಿಂದ ಸುಸ್ತಾಗಿ ಬಂದ ಮಗೂನ ನೇರ ಟೇಬಲ್ ಮುಂದೆ ಕೂರ್ಸಲ್ಲ, ಮೊದ್ಲು ಉಯ್ಯಾಲೆ, ತೆವಳೋ ಆಟ, ಆಮೇಲೆ ಥೆರಪಿ ಪುಟ್ಟಿ (ಹಿಟ್ಟಿನ ಮುದ್ದೆ ಥರದ್ದು) ಒಳಗೆ ಬಚ್ಚಿಟ್ಟ ಮಣಿಗಳನ್ನ ಬೆರಳಲ್ಲಿ ಹೆಕ್ಕಿ ತೆಗಿಸ್ತಾರೆ, ಬರೆಯೋಕೆ ಉದ್ದ ಪೆನ್ಸಿಲ್ ಬದ್ಲು ಕ್ರೆಯಾನ್ ತುಂಡು ಕೊಡ್ತಾರೆ, ಯಾಕಂದ್ರೆ ಅಷ್ಟು ಚಿಕ್ಕದನ್ನ ಮುಷ್ಟಿಲಿ ಹಿಡಿದು ಬರೆಯೋಕಾಗಲ್ಲ, ಬೆರಳ ತುದಿಲೇ ಹಿಡೀಬೇಕು. ಸ್ಪೀಚ್ ಮೇಡಂ ಅವನ ಕನ್ನಡ ಪುಸ್ತಕಾನೇ ತರಿಸ್ಕೊಂಡು ಅದ್ರಲ್ಲಿರೋ ಪದಗಳನ್ನೇ ಕನ್ನಡಿ ಮುಂದೆ ಹೇಳಿಸ್ತಾರೆ. 'ಮಲ' ಅಂತಿದ್ದೋನು ಈಗ ನಿಧಾನಕ್ಕೆ ಹೇಳಿದ್ರೆ 'ಮರ' ಅಂತಾನೆ, ಅವಸರದಲ್ಲಿ ಇನ್ನೂ ತಪ್ಪುತ್ತೆ.

ನಂಗೆ ತುಂಬಾ ಇಷ್ಟ ಆಗಿದ್ದು, ಕ್ಲಾಸ್ ಟೀಚರ್‌ಗೂ ಒಂದು ಚೀಟಿ ಬರ್ದು ಕೊಟ್ರು: ಮುಂದಿನ ಬೆಂಚಲ್ಲಿ ಕೂರ್ಸಿ, ಕಾಲು ನೆಲಕ್ಕೆ ತಾಗ್ಲಿ, ಉತ್ತರ ಹೇಳೋಕೆ ಸ್ವಲ್ಪ ಟೈಮ್ ಕೊಡಿ ಅಂತ. ಸ್ಕೂಲ್‌ನೋರು ಗೊಣಗಿದ್ರೆ ಹೆದರ್ಬೇಡಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಇಂಥ ಅನುಕೂಲ ಮಾಡ್ಕೊಡ್ಬೇಕು ಅಂತ ಇದೆ.

ಬೇಜಾರು ಅಂದ್ರೆ ಫೀಸ್ ಜಾಸ್ತಿ, ಪರೀಕ್ಷೆ ಟೈಮಲ್ಲಿ ತಪ್ಪಿದ ಸೆಷನ್ ಮತ್ತೆ ಕೊಡಲ್ಲ, ಕಾಯೋ ಜಾಗ ಇಕ್ಕಟ್ಟು. ಸಂಜೆ ಸ್ಲಾಟ್ ಬೇಕಂದ್ರೆ ಏಪ್ರಿಲ್‌ನಲ್ಲೇ ಹೋಗಿ ಕೇಳಿ, ಸ್ಕೂಲ್ ಶುರುವಾದ್ಮೇಲೆ ಸಿಗೋದು ಕಷ್ಟ.