ಜಿಟಿ 650ಗೆ ಮೂರು ಎತ್ತರದ ಹ್ಯಾಂಡಲ್: ಓಡಿಸಿ ನೋಡಿದ ಹೋಲಿಕೆ

ಕುಣಿಗಲ್ ಬರುವಷ್ಟರಲ್ಲಿ ನನ್ನ ಬಲಗೈಯ ಕಿರುಬೆರಳು, ಉಂಗುರಬೆರಳು ಎರಡೂ ಜೋಮು ಹಿಡಿದಿರುತ್ತಿದ್ದವು. ಒಂದು ಸಲ ಅಲ್ಲ, ಪ್ರತಿ ಸಲ. ಗಾಡಿ ನಿಲ್ಲಿಸಿ ಕೈ ಕೊಡವಿ, ಒಂದು ಟೀ ಕುಡಿದು ಮತ್ತೆ ಹೊರಡುತ್ತಿದ್ದೆ. ತಿಂಗಳಿಗೊಮ್ಮೆ ಬೇಲೂರಿನ ಮನೆಗೆ ಹೋಗುತ್ತೇನೆ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಅಲ್ಲಿಂದ ಬೇಲೂರು. ಹೆಚ್ಚೂಕಡಿಮೆ 220 ಕಿಲೋಮೀಟರ್.

ಗಾಡಿ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ 650. ನನಗೆ ತುಂಬಾ ಇಷ್ಟದ ಗಾಡಿ. ಇದು ಬಗ್ಗಿ ಕೂತು ಓಡಿಸೋಕೆ ಅಂತಲೇ ಮಾಡಿದ ಕೆಫೆ ರೇಸರ್, ಅದು ಗೊತ್ತಿದ್ದೇ ತಗೊಂಡಿದ್ದು. ಹಾಗಾಗಿ ಗಾಡಿಯ ಮೇಲೆ ನನ್ನ ದೂರು ಏನೂ ಇಲ್ಲ. ಆದರೆ ನನಗೆ ಈಗ ನಲವತ್ತು ದಾಟಿದೆ. ದಿನಾ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವ ಕೈ ಇದು. ಗಾಡಿ ಮಾರಲು ಮನಸ್ಸಿರಲಿಲ್ಲ. ಹಾಗಾಗಿ ಒಂದು ವರ್ಷದಲ್ಲಿ ಮೂರು ಥರ ಮಾಡಿ ನೋಡಿದೆ: ಕಂಪನಿಯ ಕ್ಲಿಪ್-ಆನ್ ಅನ್ನೇ (ಎಡಕ್ಕೊಂದು ಬಲಕ್ಕೊಂದು ಬಿಡಿಯಾಗಿ ಕೂರುವ ತಗ್ಗು ಹ್ಯಾಂಡಲ್) ಸರಿಮಾಡಿಕೊಂಡು ಓಡಿಸುವುದು, ಅದರ ಕೆಳಗೆ ರೈಸರ್ (ಹ್ಯಾಂಡಲನ್ನು ಎತ್ತರಿಸುವ ಲೋಹದ ತುಂಡು) ಕೊಡುವುದು, ಕ್ಲಿಪ್-ಆನ್ ತೆಗೆದು ಅದೇ ಕಂಪನಿಯ ಇನ್ನೊಂದು ಗಾಡಿಯಾದ ಇಂಟರ್‌ಸೆಪ್ಟರಿನ ಎತ್ತರದ ಹ್ಯಾಂಡಲ್ ಹಾಕುವುದು.

ಮೊದಲು ನೋವು ಎಲ್ಲಿಂದ ಬರುತ್ತದೆ ಅನ್ನೋದು ನೋಡಬೇಕು. ನನಗೆ ಜಾಸ್ತಿ ನೋಯುತ್ತಿದ್ದದ್ದು ಹೈವೇಯಲ್ಲಿ ಅಲ್ಲ, ಗೊರಗುಂಟೆಪಾಳ್ಯದ ಸಿಗ್ನಲ್‌ನಿಂದ ನೆಲಮಂಗಲದವರೆಗಿನ ಟ್ರಾಫಿಕ್ಕಿನಲ್ಲಿ. ನಿಧಾನವಾಗಿ ಹೋಗುವಾಗ ಸೊಂಟದ ಮೇಲಿನ ಮೈಭಾರ ಪೂರ್ತಿ ಮಣಿಕಟ್ಟಿನ ಮೇಲೆ ಬೀಳುತ್ತದೆ. ವೇಗ 90 ದಾಟಿದ ಮೇಲೆ ಎದುರುಗಾಳಿ ಎದೆಗೆ ಒತ್ತಿ ನಮ್ಮನ್ನು ಎತ್ತಿ ಹಿಡಿಯುತ್ತದೆ, ಕೈ ಹಗುರಾಗುತ್ತದೆ. ಅಂದರೆ ಕುಣಿಗಲ್‌ನಲ್ಲಿ ಕಾಣಿಸುವ ಜೋಮು ಶುರುವಾಗುತ್ತಿದ್ದದ್ದು ಊರು ಬಿಡುವ ಮುಂಚೆಯೇ.

ಕ್ಲಿಪ್-ಆನ್ ಬದಲಿಸದೆ ಮಾಡಿದ್ದು ಎರಡೇ ಕೆಲಸ. ಒಂದು, ಬ್ರೇಕ್ ಮತ್ತು ಕ್ಲಚ್ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದೆ. ಸೀಟಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈ ಹ್ಯಾಂಡಲ್ ಮೇಲಿಟ್ಟು ಬೆರಳು ಚಾಚಿದೆ. ಲಿವರ್ ಬೆರಳಿನ ಕೆಳಗೇ ಸಿಗಬೇಕು. ನನ್ನದು ಮೇಲಿತ್ತು. ಹಾಗಿದ್ದರೆ ಪ್ರತಿ ಸಲ ಕ್ಲಚ್ ಹಿಡಿಯುವಾಗಲೂ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಎರಡನೆಯದು, ಮಂಡಿಯಲ್ಲಿ ಟ್ಯಾಂಕನ್ನು ಒತ್ತಿ ಹಿಡಿಯೋದು ಅಭ್ಯಾಸ ಮಾಡಿಕೊಂಡೆ. ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುವ ಮೈಯನ್ನು ಕೈ ತಡೆಯಬಾರದು, ತೊಡೆ ತಡೆಯಬೇಕು. ಇವೆರಡರಿಂದಲೇ ನೋವು ಮೂರನೇ ಒಂದು ಭಾಗ ಇಳಿಯಿತು. ಜೋಮು ಕುಣಿಗಲ್ ಬದಲು ಚನ್ನರಾಯಪಟ್ಟಣಕ್ಕೆ ಮುಂದೆ ಹೋಯಿತು. ಯಾವುದೇ ಸಾಮಾನು ತಗೊಳ್ಳುವ ಮುಂಚೆ ಇಷ್ಟು ಮಾಡಿ ನೋಡಿ, ದಯವಿಟ್ಟು.

ಆಮೇಲೆ ನೇರವಾಗಿ ದೊಡ್ಡ ಬದಲಾವಣೆಗೇ ಕೈ ಹಾಕಿದೆ. ಇಂಟರ್‌ಸೆಪ್ಟರ್ ಮತ್ತು ಜಿಟಿ ಎರಡೂ 2018ರ ನವೆಂಬರಿನಲ್ಲಿ ಒಟ್ಟಿಗೆ ನಮ್ಮಲ್ಲಿ ಬಂದ ಗಾಡಿಗಳು. ಅದೇ 648 ಸಿಸಿ ಎರಡು ಸಿಲಿಂಡರ್ ಎಂಜಿನ್, ಅದೇ ಚಾಸಿ. ಬೇರೆ ಇರೋದು ಟ್ಯಾಂಕು, ಸೀಟು, ಹ್ಯಾಂಡಲ್, ಫುಟ್‌ರೆಸ್ಟ್. ಹಾಗಾಗಿ ಹ್ಯಾಂಡಲ್ ಸುಮ್ನೆ ಕೂತುಬಿಡುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಜಿಟಿಯ ಮೇಲಿನ ಟಿ ಪ್ಲೇಟಿನಲ್ಲಿ (ಮುಂದಿನ ಚಕ್ರದ ಫೋರ್ಕಿನ ಎರಡೂ ಕಾಲನ್ನು ಮೇಲ್ತುದಿಯಲ್ಲಿ ಜೋಡಿಸುವ ಪ್ಲೇಟು) ಇಂಟರ್‌ಸೆಪ್ಟರಿನಂಥ ಒಂದೇ ಪೈಪಿನ ಹ್ಯಾಂಡಲ್ ಹಿಡಿಯುವ ಕ್ಲಾಂಪ್ ಇಲ್ಲ. ಇಂಟರ್‌ಸೆಪ್ಟರಿನ ಪ್ಲೇಟೇ ಬೇಕು. ಹ್ಯಾಂಡಲ್ ಮೇಲೆ ಹೋದ ಹಾಗೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕ್ ಹೋಸ್ ಎಲ್ಲವೂ ಉದ್ದದ್ದು ಬೇಕು. ಹೋಸ್ ಬಿಚ್ಚಿದ ಮೇಲೆ ಬ್ರೇಕ್ ಆಯಿಲಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಗಾಡಿಯಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡುವ ವ್ಯವಸ್ಥೆ) ಇರೋದರಿಂದ ಅದು ಗೊತ್ತಿದ್ದವರೇ ಮಾಡಬೇಕು.

ಇಲ್ಲೊಂದು ಘಟನೆ ಹೇಳಲೇಬೇಕು. ಗ್ಯಾರೇಜಿನಿಂದ ಗಾಡಿ ತಂದ ಸಂಜೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಗಾಡಿ ತಿರುಗಿಸಿಕೊಳ್ಳಲು ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ. ಎಂಜಿನ್ ತಾನಾಗಿಯೇ ರೊಯ್ಯೆಂದು ಏರಿತು. ಗೇರಿನಲ್ಲಿತ್ತು, ಆದರೆ ಕ್ಲಚ್ ಹಿಡಿದಿದ್ದೆ. ಬಿಟ್ಟಿದ್ದರೆ ಎದುರಿನ ಕಂಬಕ್ಕೆ ಹೊಡೆಯುತ್ತಿದ್ದೆ. ಬಗ್ಗಿ ಟಾರ್ಚ್ ಹಾಕಿ ನೋಡಿದರೆ ಆಕ್ಸಿಲರೇಟರ್ ಕೇಬಲ್ ಫೋರ್ಕಿನ ತಪ್ಪು ಬದಿಯಿಂದ ಹಾದುಹೋಗಿ ಬಿಲ್ಲಿನ ಹೆದೆಯ ಹಾಗೆ ಬಿಗಿದಿತ್ತು. ಮಾರನೇ ದಿನ ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ ಸರಿಯಾದ ದಾರಿಯಲ್ಲಿ ಹಾಕಿಸಿದೆ. ಹ್ಯಾಂಡಲಿಗೆ ಕೈ ಹಾಕಿದ ಯಾರೇ ಆಗಲಿ, ಗಾಡಿ ಮನೆಗೆ ತರುವ ಮುಂಚೆ ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಮಾಡಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಶಬ್ದ ಒಂದು ಚೂರೂ ಬದಲಾಗಬಾರದು. ಬ್ರೇಕ್ ಹೋಸ್ ಎಳೆಯಬಾರದು. ಕ್ಲಚ್ ಲಿವರಿನ ಸಡಿಲ ಎರಡೂ ತುದಿಯಲ್ಲಿ ಒಂದೇ ಇರಬೇಕು.

ಸರಿಯಾದ ಮೇಲೆ ಓಡಿಸಿದ್ದು ಹೇಗಿತ್ತು? ಹಿಡಿ ನಾಲ್ಕು ಬೆರಳಿಗಿಂತ ಜಾಸ್ತಿ ಮೇಲೆ ಬಂತು, ಅಗಲವೂ ಆಯಿತು. ಊರೊಳಗೆ ಸುಖವೋ ಸುಖ. ಟ್ರಾಫಿಕ್ಕಿನಲ್ಲಿ ಕತ್ತೆತ್ತಿ ನೋಡಬೇಕಿಲ್ಲ, ಮಣಿಕಟ್ಟಿನ ನೋವು ಮಾಯ. ಚಾರ್ಮಾಡಿ ಘಾಟಿಯಲ್ಲೂ ಚೆನ್ನಾಗಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯುವಾಗ ಆ ಕಡಿದಾದ ತಿರುವುಗಳಲ್ಲಿ ಅಗಲ ಹ್ಯಾಂಡಲ್ ಸಲೀಸಾಗಿ ತಿರುಗುತ್ತಿತ್ತು. ನಿಧಾನದ ತಿರುವಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಆದರೆ ಹಾಸನದ ಹೈವೇಯಲ್ಲಿ ಕಥೆಯೇ ಬೇರೆ. 100ರಲ್ಲಿ ಗಾಳಿ ಎದೆಗೆ ಬಡಿಯುತ್ತದೆ. ಮುಂಚೆ ಎತ್ತಿ ಹಿಡಿಯುತ್ತಿದ್ದ ಗಾಳಿ ಈಗ ಹಿಂದಕ್ಕೆ ದೂಡುತ್ತದೆ, ನಾವು ಹ್ಯಾಂಡಲಿಗೆ ಜೋತುಬಿದ್ದ ಹಾಗಾಗುತ್ತದೆ. ಭುಜ ಬಿಗಿಯಿತು. ಭಾರ ಹಿಂದಕ್ಕೆ ಹೋಗಿ ಪ್ರತಿ ಗುಂಡಿಯ ಏಟೂ ನೇರ ಸೊಂಟಕ್ಕೆ. ವೇಗದ ತಿರುವಿನಲ್ಲಿ ಮುಂದಿನ ಚಕ್ರ ನೆಲ ಕಚ್ಚಿ ಹಿಡಿದಿದೆ ಅನ್ನುವ ಆ ನಂಬಿಕೆ ಕಮ್ಮಿಯಾಯಿತು.

ಎಲ್ಲಕ್ಕಿಂತ ದೊಡ್ಡ ತೊಂದರೆ ನಾನು ಊಹಿಸದೇ ಇದ್ದದ್ದು. ಹ್ಯಾಂಡಲ್ ಮೇಲೆ ಬಂತು, ಫುಟ್‌ರೆಸ್ಟ್ ಮಾತ್ರ ಅಲ್ಲೇ ಉಳಿಯಿತು. ಜಿಟಿಯ ಫುಟ್‌ರೆಸ್ಟ್ ಹಿಂದಿದೆ, ಬಗ್ಗಿದ ಬೆನ್ನಿಗೆ ಹೊಂದುವ ಹಾಗೆ. ಬೆನ್ನು ನೆಟ್ಟಗೆ, ಕಾಲು ಹಿಂದಕ್ಕೆ ಅಂದರೆ ಕುರ್ಚಿಯ ತುದಿಯಲ್ಲಿ ಕೂತು ಕಾಲನ್ನು ಕೆಳಗೆ ಮಡಚಿದ ಹಾಗೆ. ಅರ್ಧ ಗಂಟೆ ಹಾಗೇ ಕೂತು ನೋಡಿ, ಗೊತ್ತಾಗುತ್ತದೆ. ಬೇಲೂರು ಮುಟ್ಟುವಾಗ ಕೈ ಚೆನ್ನಾಗಿತ್ತು, ಗಾಡಿ ಇಳಿದರೆ ತೊಡೆ ಹಿಡಿದುಕೊಂಡಿತ್ತು. ಅಮ್ಮ ಜಗಲಿಯಿಂದ ನೋಡಿ, "ಸೊಂಟಕ್ಕೆ ಏನು ಮಾಡ್ಕೊಂಡ್ಯೋ?" ಅಂದರು. ಫುಟ್‌ರೆಸ್ಟನ್ನೂ ಬದಲಿಸಬಹುದು. ಆದರೆ ಅಷ್ಟಾದ ಮೇಲೆ ಅದು ಇಂಟರ್‌ಸೆಪ್ಟರೇ ಆಯಿತಲ್ವಾ? ಅದು ಬೇಕಿದ್ದವರು ಅದನ್ನೇ ತಗೊಳ್ಳೋದು ಒಳ್ಳೆಯದು.

ಹಾಗಾಗಿ ಆರು ತಿಂಗಳ ನಂತರ ಅದನ್ನು ಬಿಚ್ಚಿಸಿ, ಕಂಪನಿಯ ಕ್ಲಿಪ್-ಆನ್ ವಾಪಸ್ ಹಾಕಿಸಿ, ಕೆಳಗೆ ಅಲ್ಯೂಮಿನಿಯಂ ರೈಸರ್ ಕೊಟ್ಟೆ. ಒಂದು ಇಂಚು ಮೇಲೆ, ಸ್ವಲ್ಪ ಹಿಂದಕ್ಕೆ. ನೋಡಿದರೆ ಬದಲಾವಣೆ ಆಗಿದ್ದೇ ಗೊತ್ತಾಗಲ್ಲ. ಹಳೇ ಕೇಬಲ್, ಹಳೇ ಹೋಸ್ ಸಾಕಾಯಿತು, ದಾರಿ ಮಾತ್ರ ಸ್ವಲ್ಪ ಸರಿಪಡಿಸಬೇಕಾಯಿತು. ಒಂದು ಮಧ್ಯಾಹ್ನದ ಕೆಲಸ. ಇಂಟರ್‌ಸೆಪ್ಟರ್ ಹ್ಯಾಂಡಲಿಗೆ ಪ್ಲೇಟು, ಕೇಬಲ್, ಹೋಸ್, ಕೂಲಿ ಎಲ್ಲ ಸೇರಿ ಇದರ ಮೂರು ಪಟ್ಟಿಗಿಂತ ಜಾಸ್ತಿ ಆಗಿತ್ತು.

ಒಂದು ಇಂಚಿನಲ್ಲಿ ಏನಾಗುತ್ತದೆ ಅಂತ ನನಗೂ ಅನುಮಾನವಿತ್ತು. ಆಗೋದು ಇದು: ಮುಂಚೆ ನೆಟ್ಟಗೆ ಚಾಚಿ ಬಿಗಿದುಕೊಳ್ಳುತ್ತಿದ್ದ ಮೊಣಕೈ ಈಗ ಸ್ವಲ್ಪ ಮಡಚುತ್ತದೆ. ಮೊಣಕೈ ಮಡಚಿದರೆ ರಸ್ತೆಯ ಏಟನ್ನು ರಟ್ಟೆ ಹೀರಿಕೊಳ್ಳುತ್ತದೆ, ಮಣಿಕಟ್ಟಿಗೆ ಬರೋದಿಲ್ಲ. ಬೆನ್ನು ಮಾತ್ರ ಇನ್ನೂ ಬಗ್ಗಿಯೇ ಇರುತ್ತದೆ, ಹಾಗಾಗಿ ಫುಟ್‌ರೆಸ್ಟ್ ಜೊತೆ ಜಗಳ ಇಲ್ಲ. ಹೈವೇಯ ಗಾಳಿ ಮತ್ತೆ ಎತ್ತಿ ಹಿಡಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರದ ಮೇಲೆ ಭಾರ ಇದೆ. ಟ್ರಾಫಿಕ್ಕಿನಲ್ಲಿ ಇಂಟರ್‌ಸೆಪ್ಟರ್ ಹ್ಯಾಂಡಲಿನ ಸುಖ ಇಲ್ಲ, ಅದು ನಿಜ. ಗೊರಗುಂಟೆಪಾಳ್ಯದಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದರೆ ಈಗಲೂ ಕೈ ಕೊಡವುತ್ತೇನೆ. ಆದರೆ ಹಾಸನದವರೆಗೆ ಬೆರಳಿಗೆ ಜೋಮು ಬರೋದು ನಿಂತಿದೆ.

ದಿನಾ ಊರೊಳಗೆ 30–40 ಕಿಲೋಮೀಟರ್ ಮಾತ್ರ ಓಡಿಸುವವರಿಗೆ, ಕತ್ತಿನ ನೋವಿರುವವರಿಗೆ ನಾನು ಎತ್ತರದ ಹ್ಯಾಂಡಲನ್ನೇ ಹೇಳುತ್ತೇನೆ, ಫುಟ್‌ರೆಸ್ಟ್ ಸಮೇತ. ನನ್ನ ಹಾಗೆ ಹೈವೇ ಜಾಸ್ತಿ ಇದ್ದರೆ ರೈಸರ್. ಜೋಮು ಕಿರುಬೆರಳಿನಲ್ಲಿ ಅಲ್ಲದೆ ಹೆಬ್ಬೆರಳು, ತೋರುಬೆರಳಿನಲ್ಲಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಗ್ಯಾರೇಜಿಗಿಂತ ಮುಂಚೆ ಡಾಕ್ಟರ ಹತ್ತಿರ ಹೋಗಿ. ಅದು ಬೇರೆ ನರದ ಮಾತು.

ಕಾಗದದ ವಿಷಯವೂ ಒಂದಿದೆ. ಆರ್‌ಸಿಯಲ್ಲಿರುವ ವಿವರ ಬದಲಾಗುವ ಹಾಗೆ ಗಾಡಿ ತಿದ್ದಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ನಾನು ಇನ್ಶೂರೆನ್ಸ್‌ನವರಿಗೆ ಮೇಲ್‌ನಲ್ಲಿ ತಿಳಿಸಿದ್ದೇನೆ. ಕಂಪನಿಯ ಸಾಮಾನನ್ನೂ ಎತ್ತಿಟ್ಟುಕೊಳ್ಳಿ, ಮಾರಬೇಡಿ.

ರೈಸರ್ ಹಾಕಿದ ದಿನ ಟಾರ್ಕ್ ವ್ರೆಂಚಿನಲ್ಲಿ (ಎಷ್ಟು ಬಿಗಿ ಬೇಕೋ ಅಷ್ಟನ್ನೇ ಅಳೆದು ಕೊಡುವ ಪಾನಾ) ಬೋಲ್ಟ್ ಬಿಗಿ ಮಾಡಿಸಿ, ಬೋಲ್ಟ್ ತಲೆಯಿಂದ ರೈಸರ್ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದೆ. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಪ್ರತಿ ಸಲ ಬೇಲೂರಿಗೆ ಹೊರಡುವ ಮುಂಚೆ ಆ ಗೆರೆ ನೋಡುತ್ತೇನೆ. ಹೋದ ತಿಂಗಳು ಎಡಗಡೆಯದು ಕೂದಲೆಳೆಯಷ್ಟು ಸರಿದಿತ್ತು. ಮತ್ತೆ ವ್ರೆಂಚ್ ಹಾಕಿ ಬಿಗಿ ಮಾಡಿ, ಹಳೇ ಗೆರೆ ಒರೆಸಿ, ಹೊಸದು ಎಳೆದು ಹೊರಟೆ.