ಕಡಲತಡಿಯ ಹಳೆಯ ಮನೆಯನ್ನು ಕೆಡವುವ ಮುನ್ನ

ಕಾಫಿ, ಕರಿಮೆಣಸಿಗೆ ಒಳ್ಳೆಯ ಬೆಲೆ ಬಂದಾಗಲೆಲ್ಲ ನಮ್ಮ ಕೊಡಗಿನವರಲ್ಲಿ ಕೆಲವರು ಘಟ್ಟದ ಕೆಳಗೆ, ಸಮುದ್ರದ ಬದಿಯಲ್ಲಿ ಜಾಗ ಹುಡುಕುವುದುಂಟು. ಹಾಗೆ ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ನನಗಾದ ಅನುಭವವನ್ನು ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ನಮ್ಮ ಮನೆಯ ಹಿಂದಿನ ಬರೆಯೂ ಕುಸಿದು ಬಚ್ಚಲಿನ ಗೋಡೆಗೆ ತಾಗಿ ನಿಂತಿತ್ತು. ಮನೆ ಉಳಿಯಿತಾದರೂ ಆ ಬಳಿಕ ನನ್ನ ಹೆಂಡತಿ ಯಾವ ಮಳೆಗಾಲದಲ್ಲೂ ಹಿಂದಿನ ಕೋಣೆಯಲ್ಲಿ ಮಲಗಿದವಳಲ್ಲ. ಸಮತಟ್ಟಾದ ನೆಲದಲ್ಲಿ ಒಂದು ಮನೆ ಇರಲೆಂದು, ಉಡುಪಿ ಜಿಲ್ಲೆಯ ಕಡಲತಡಿಯ ಗ್ರಾಮವೊಂದರಲ್ಲಿ ಹಳೆಯ ಹಂಚಿನ ಮನೆಯಿದ್ದ ಹದಿನೆಂಟು ಸೆಂಟ್ಸ್ ತೆಂಗಿನ ತೋಟವನ್ನು ಕೊಂಡೆವು. ಸಮುದ್ರದ ಬದಿಯಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಬಗ್ಗೆ ನಾನು ಕೇಳದೆ ಇರಲಿಲ್ಲ. “ಖಾಲಿ ಜಾಗವಾದರೆ ಸಿಆರ್‌ಝಡ್ ತೊಂದರೆ ಸಾರ್, ಇಲ್ಲಿ ಮನೆ ಉಂಟಲ್ಲ, ಇದನ್ನು ತೆಗೆದು ನಿಮಗೆ ಬೇಕಾದ ಹಾಗೆ ಕಟ್ಟಬಹುದು” ಎಂದು ಮಧ್ಯವರ್ತಿ ಹೇಳಿದ್ದ. ಅದರಲ್ಲಿ ಅರ್ಧ ನಿಜವಿದ್ದುದೇ ನಮಗೆ ಮುಳುವಾಯಿತು.

ಪರಿಸರ ಸಂರಕ್ಷಣಾ ಕಾಯ್ದೆಯಡಿ 1991ರ ಫೆಬ್ರವರಿ 19ರಂದು ಈ ವಲಯದ ಮೊದಲ ಅಧಿಸೂಚನೆ ಬಂದು, ಬಳಿಕ 2011ರಲ್ಲಿ ಮತ್ತು 2019ರಲ್ಲಿ ಅದನ್ನು ಹೊಸದಾಗಿ ಹೊರಡಿಸಲಾಯಿತು. ಗ್ರಾಮೀಣ ಭಾಗದಲ್ಲಿ ಉಬ್ಬರರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಮೇಲಿನ ಗೆರೆಯಿಂದ, ಇನ್ನೂರು ಮೀಟರ್ ಒಳಗಿನ ನೆಲ ಅಭಿವೃದ್ಧಿ ನಿಷೇಧಿತ ವಲಯ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ ಮಾತ್ರ, ಅದೂ ಅನುಮೋದಿತ ಯೋಜನೆಯಂತೆ, ಅದನ್ನು ಐವತ್ತು ಮೀಟರಿಗೆ ಇಳಿಸಲು 2019ರ ಅಧಿಸೂಚನೆ ಅವಕಾಶ ಕೊಟ್ಟಿದೆ. ಈ ವಲಯದೊಳಗಿನ ಮನೆಯನ್ನು ದುರಸ್ತಿ ಮಾಡಬಹುದು, ಕೆಡವಿ ಕಟ್ಟಲೂಬಹುದು. ಆದರೆ ಆ ಮನೆ ಅಧಿಕೃತವಾಗಿರಬೇಕು, ಹೊಸ ಮನೆ ಹಳೆಯದರ ತಳಪಾಯದ ವಿಸ್ತೀರ್ಣವನ್ನೂ ಎಲ್ಲ ಅಂತಸ್ತು ಸೇರಿದ ಒಟ್ಟು ಕಟ್ಟಡ ಪ್ರಮಾಣವನ್ನೂ ಮೀರಬಾರದು. ಪರಂಪರೆಯಿಂದ ಅಲ್ಲಿಯೇ ಬದುಕಿದ ಮೀನುಗಾರ ಕುಟುಂಬಗಳ ಮನೆಗಳಿಗೆ ಬೇರೆ ಅವಕಾಶವಿದೆ, ಇರಬೇಕಾದದ್ದೂ ಸರಿಯೇ. ಕಾಫಿ ತೋಟದಿಂದ ಇಳಿದು ಬಂದ ನಮಗೆ ಅದು ಅನ್ವಯಿಸುವುದಿಲ್ಲ. ಒಟ್ಟಿನಲ್ಲಿ, ನಾನು ಹಣ ಕೊಟ್ಟು ಕೊಂಡದ್ದು ಹದಿನೆಂಟು ಸೆಂಟ್ಸ್ ಜಾಗವಾದರೂ ಮನೆ ಕಟ್ಟುವ ಹಕ್ಕು ಇದ್ದದ್ದು ಆ ಹಳೆಯ ಪಂಚಾಂಗದ, ಅಂದರೆ ತಳಪಾಯದ, ಮೇಲೆ ಮಾತ್ರ.

ಇದು ತಿಳಿಯುವಷ್ಟರಲ್ಲಿ ಮನೆ ನೆಲಸಮವಾಗಿತ್ತು. ನಮ್ಮ ತೋಟದ ಕೆಲಸಗಾರರ ಲೈನ್‌ಮನೆಗಳನ್ನು ಕೆಡವಿ ಕಟ್ಟಿದ ಅಭ್ಯಾಸದಲ್ಲಿ, ಮಳೆಗೆ ಮುಂಚೆ ಜಾಗ ಚೊಕ್ಕವಾಗಲಿ ಎಂದು ಏಪ್ರಿಲ್‌ನಲ್ಲೇ ಜೆಸಿಬಿ ತರಿಸಿದ್ದೆ. ಎರಡು ಅಂತಸ್ತಿನ ಮನೆಯ ನಕ್ಷೆ ಹಿಡಿದು ಪಂಚಾಯಿತಿಗೆ ಹೋದದ್ದು ಅದರ ನಂತರ. ಅಲ್ಲಿಂದ ಸಿಆರ್‌ಝಡ್ ಕಚೇರಿಗೆ ಹೋಗಲು ಹೇಳಿದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಹಳೆಯ ಮನೆ ಎಷ್ಟು ಚದರಡಿ ಇತ್ತು, ಯಾವಾಗಿನಿಂದ ಇತ್ತು ಎಂಬುದಾಗಿತ್ತು. ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಆ ಪ್ರಶ್ನೆಯನ್ನು ನಾನೇ ಮಾರಾಟಗಾರರಿಗೆ ಕೇಳಬೇಕಿತ್ತು.

ದೂರದ ಲೆಕ್ಕದಲ್ಲೂ ಎಡವಿದ್ದೆವು. ನಾವು ಟೇಪು ಹಿಡಿದದ್ದು ಇಳಿತದ ಹೊತ್ತಿನಲ್ಲಿ, ಅಲೆಯ ಅಂಚಿನಿಂದ. ಕಾನೂನು ಅಳೆಯುವುದಾದರೋ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಗುರುತಿಸಿದ ಉಬ್ಬರರೇಖೆಯಿಂದ, ಮತ್ತು ಅದು ಅಲೆಗಿಂತ ಬಹಳಷ್ಟು ಒಳಗಿತ್ತು. ಸಾಲದ್ದಕ್ಕೆ ತೋಟದ ಹಿಂದಿನ ಹೊಳೆಯೂ ಲೆಕ್ಕಕ್ಕೆ ಬಂತು. ಉಬ್ಬರದ ನೀರು ಏರುವ, ಕಡುಬೇಸಿಗೆಯಲ್ಲಿ ಸಾವಿರಕ್ಕೆ ಐದು ಭಾಗದಷ್ಟು ಉಪ್ಪಿರುವ ಹೊಳೆಯ ದಡವೂ ಇದೇ ನಿಯಮಕ್ಕೆ ಒಳಪಡುತ್ತದೆ.

“ಅಕ್ಕಪಕ್ಕದಲ್ಲಿ ಎಲ್ಲರೂ ಕಟ್ಟಿದ್ದಾರೆ, ನೀವೂ ಕಟ್ಟಿ” ಎಂದವರೂ ಇದ್ದರು. ಕೇರಳದ ಮರಡಿನಲ್ಲಿ ಇದೇ ನಿಯಮ ಮೀರಿದ್ದಕ್ಕಾಗಿ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಿಸಿ ಉರುಳಿಸಿದ್ದನ್ನು ಮನೆಯಲ್ಲಿ ಕುಳಿತು ಟಿವಿಯಲ್ಲಿ ನೋಡಿದ್ದ ನನಗೆ ಆ ಧೈರ್ಯ ಬರಲಿಲ್ಲ.

ಕಳೆದ ತಿಂಗಳು ವಿರಾಜಪೇಟೆಯ ನನ್ನ ಅಣ್ಣನ ಮಗ ಇಂಥದೇ ಮನೆಯೊಂದನ್ನು ನೋಡಿ ಬಂದು ಫೋನ್ ಮಾಡಿದ್ದ. ಸರ್ವೆ ನಂಬರ್ ಹಿಡಿದು ಸಿಆರ್‌ಝಡ್ ಕಚೇರಿಯಲ್ಲಿ ನಕ್ಷೆ ನೋಡಿಕೊಂಡು ಬಾ, ಮನೆ 1991ಕ್ಕಿಂತ ಮೊದಲಿನದೆಂದು ತೋರಿಸುವ ಪಂಚಾಯಿತಿಯ ತೆರಿಗೆ ದಾಖಲೆ ಮತ್ತು ವಿಸ್ತೀರ್ಣದ ದಾಖಲೆಯನ್ನು ಮಾರುವವರಿಂದಲೇ ತರಿಸು, ಕೊಂಡರೂ ಲಿಖಿತ ಅನುಮತಿ ಕೈಗೆ ಬರುವ ತನಕ ಒಂದು ಹಂಚನ್ನೂ ತೆಗೆಸಬೇಡ ಎಂದು ಅವನಿಗೆ ಹೇಳಿದೆ. ಬರೀ ಪಹಣಿ, ಕ್ರಯಪತ್ರ ನೋಡಿ ಸರಿಯಿದೆ ಎನ್ನುವ ವಕೀಲರ ಮಾತು ಇಲ್ಲಿ ಸಾಲದು.

ನಮ್ಮ ಕಡತ ಇನ್ನೂ ಅಲೆಯುತ್ತಿದೆ. ಮಾರಿದವರ ಮನೆಯಲ್ಲಿ ಹಳೆಯ ತೆರಿಗೆ ರಶೀದಿಯೊಂದು ಸಿಕ್ಕಿತು, ಆದರೆ ಅದರಲ್ಲಿ ಅಳತೆಯಿಲ್ಲ. ಆ ಮನೆಯ ಜಗಲಿಯ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಫೋಟೋ ಒಂದನ್ನೂ ಕೊಟ್ಟರು. ಅದರಲ್ಲಿ ಮನೆ ಕಾಣುತ್ತದೆ, ಉದ್ದಗಲ ಕಾಣುವುದಿಲ್ಲ. ಪಂಚಾಂಗದ ಕೆಂಪುಕಲ್ಲಾದರೂ ಉಳಿದಿದ್ದರೆ ಸ್ಥಳದಲ್ಲೇ ಅಳೆಯಬಹುದಿತ್ತು ಎಂದು ಸರ್ವೆಯವರು ಹೇಳಿದರು. ಜೆಸಿಬಿಯವನು ಅದನ್ನೂ ಬುಡಸಮೇತ ಕಿತ್ತು, ಲೋಡಿಗೆ ಇಷ್ಟೆಂದು ಮಾರಿಕೊಟ್ಟಿದ್ದ. ಆ ಹಣವನ್ನು ನಾನೇ ಎಣಿಸಿಕೊಂಡಿದ್ದೆ.